ಮುಂದಿನ ಸಂಚಿಕೆಯಲ್ಲಿ

ನಮ್ಮ ಅಳಿಯಂದಿರು ಬೆಂಗಳೂರಿನಲ್ಲಿ ಮನೆ ಬದಲಾಯಿಸುವಾಗ ಎರಡು ರಟ್ಟಿನ ಪೆಟ್ಟಿಗೆಗಳನ್ನು ತಂದು ನಮ್ಮ ಅಟ್ಟದ ಮೇಲೆ ಇಟ್ಟು ಹೋದರು. "ಬರೀ ಪುಸ್ತಕ ಮಾವ, ತೇವ ತಾಗದಿದ್ದರೆ ಸಾಕು" ಎಂದಿದ್ದರು. ಮಲೆನಾಡಿನ ಆಷಾಢಕ್ಕೆ ಈ ಮಾತು ಕೇಳಿಸಲಿಲ್ಲ. ಹಂಚಿನ ಸಂದಿಯಿಂದ ನೀರಿಳಿದು ಒಂದು ಪೆಟ್ಟಿಗೆಯ ಮೂಲೆ ನೆನೆಯಿತು. ನಾನು ಗಾಬರಿಯಿಂದ ಎಲ್ಲವನ್ನೂ ಕೆಳಗಿಳಿಸಿ ಅಡಿಕೆ ಹರಡುವ ಹಾಗೆ ಜಗಲಿಯ ಮೇಲೆ ಹರಡಿದೆ. ನೋಡಿದರೆ ಎಲ್ಲವೂ ಕಾಮಿಕ್ಸ್! ಅಮೆರಿಕದ ಮಾರ್ವೆಲ್ ಕಂಪನಿಯ ಹಳೆಯ ಸಂಚಿಕೆಗಳನ್ನು ಒಟ್ಟುಗೂಡಿಸಿ ಮರುಮುದ್ರಿಸಿದ ದಪ್ಪ ಸಂಪುಟಗಳು. ಇಂಗ್ಲೆಂಡಿನ '2000 ಎ.ಡಿ.' ಎಂಬ ವಾರಪತ್ರಿಕೆಯ ಮೊದಮೊದಲ ಸಂಚಿಕೆಗಳು.

ಒಣಗಲಿ ಎಂದು ಪುಟ ಮಗುಚುತ್ತ ಕೂತವನು ಯಾವಾಗ ಓದಲು ಶುರು ಮಾಡಿದೆನೋ ನನಗೇ ತಿಳಿಯದು. ಮಧ್ಯಾಹ್ನದ ಊಟಕ್ಕೆ ಎರಡು ಸಲ ಕರೆದು ಸುಸ್ತಾದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಏನ್ರೀ, ಮೂವತ್ತು ವರ್ಷ ಹುಡುಗರ ಕೈಯಿಂದ ಕಿತ್ತುಕೊಂಡದ್ದನ್ನೆಲ್ಲ ಈಗ ಓದಿ ಮುಗಿಸುತ್ತಿದ್ದೀರಾ?" ಎಂದಳು. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ವ್ಯಾಕರಣದ ಪುಸ್ತಕದ ಹೊಟ್ಟೆಯೊಳಗೆ ಕಾಮಿಕ್ಸ್ ಇಟ್ಟುಕೊಂಡು ಓದುವ ಹುಡುಗರನ್ನು ಹಿಡಿಯುವುದರಲ್ಲಿ ಹೆಸರು ಮಾಡಿದ್ದವನು. ಉತ್ತರ ಕೊಡದೆ ಕೈ ತೊಳೆಯಲು ಎದ್ದೆ.

ಸಂಜೆ ಫೋನಿನಲ್ಲಿ ಅಳಿಯಂದಿರಿಗೆ ಪೆಟ್ಟಿಗೆ ನೆನೆದ ಸಂಗತಿಯನ್ನು ತಪ್ಪೊಪ್ಪಿಗೆಯ ಧ್ವನಿಯಲ್ಲಿ ತಿಳಿಸಿದೆ. ಅವರು ನಕ್ಕರು. "ಹೇಗೂ ಓದುತ್ತಿದ್ದೀರಿ ಮಾವ, ಮೊದಲ ಸಂಚಿಕೆಗಳಿಗೆ ನಂಬರ್ ಹಾಕಿಕೊಡಿ. ನೂರಕ್ಕೆ ಎಷ್ಟು ಅಂತ." ಒಪ್ಪಿಕೊಂಡೆ. ಆದರೆ ಒಂದು ಷರತ್ತು ಹಾಕಿಕೊಂಡೆ. ಈ ನಾಯಕರೆಲ್ಲ ಮುಂದೆ ಜಗತ್ಪ್ರಸಿದ್ಧರಾದರು, ಇವರ ಸಿನಿಮಾಗಳು ಕೋಟಿಗಟ್ಟಲೆ ದುಡಿದವು ಎಂಬುದನ್ನು ಮರೆತು, ಆ ವಾರ ಅಂಗಡಿಯಲ್ಲಿ ಹತ್ತು ಹನ್ನೆರಡು ಸೆಂಟು ಕೊಟ್ಟು ಕೊಂಡು ತಂದವನ ಹಾಗೆ ಓದಬೇಕು. ಮಗ ಡಾಕ್ಟರಾದ ಮೇಲೆ ಅವನ ಎರಡನೇ ಕ್ಲಾಸಿನ ಲೆಕ್ಕದ ಪುಸ್ತಕ ತೆಗೆದು "ಆಗಲೇ ಗೊತ್ತಿತ್ತು" ಎನ್ನುವ ತಂದೆತಾಯಿಗಳನ್ನು ನಾನು ಬಹಳ ಕಂಡಿದ್ದೇನೆ. ವಿಮರ್ಶಕನಿಗೆ ಆ ಸಡಗರ ಸಲ್ಲದು.

ಹಾಗೆ ನೋಡಿದರೆ ನಮ್ಮ ತಲೆಮಾರಿನವರಿಗೆ ಯಾವ ಸಾಹಸಿಯ ಮೊದಲ ಸಂಚಿಕೆಯೂ ಸಿಕ್ಕಿದ್ದಿಲ್ಲ. ನಾವು ಬಲ್ಲದ್ದು ಇಂದ್ರಜಾಲ ಕಾಮಿಕ್ಸ್. 1964ರಲ್ಲಿ ಆರಂಭವಾಗಿ 1990ರಲ್ಲಿ ನಿಂತ ಆ ಮಾಲೆ ಕೆಲವು ಕಾಲ ಕನ್ನಡದಲ್ಲೂ ಬರುತ್ತಿತ್ತು. ಅದರಲ್ಲಿ ಬಂದ ಫ್ಯಾಂಟಮ್ ನಮಗೆ ಸಿಕ್ಕಿದ್ದು ದಿಬ್ಬಣದ ಮದುಮಗನ ಹಾಗೆ, ಪೂರ್ತಿ ಸಿಂಗಾರಗೊಂಡು: ಗುಹೆ, ತಲೆಬುರುಡೆಯ ಸಿಂಹಾಸನ, ನಾಲ್ಕು ನೂರು ವರ್ಷದ ವಂಶಾವಳಿ ಸಮೇತ. ಲೀ ಫಾಕ್ ಅವನನ್ನು 1936ರ ಫೆಬ್ರವರಿ 17ರಂದು ಅಮೆರಿಕದ ದಿನಪತ್ರಿಕೆಗಳಲ್ಲಿ ಶುರು ಮಾಡಿದಾಗ ಮುಖವಾಡದ ಹಿಂದಿನವನು ಜಿಮ್ಮಿ ವೆಲ್ಸ್ ಎಂಬ ಶೋಕಿಲಾಲ ಸಿರಿವಂತನೆಂದು ಅಂದುಕೊಂಡಿದ್ದರಂತೆ. ಕಥೆ ನಡೆಯುತ್ತಿರುವಾಗಲೇ ಆ ಯೋಚನೆ ಕೈಬಿಟ್ಟು ಕಾಡಿನ ದಾರಿ ಹಿಡಿದರು. ಫ್ಯಾಂಟಮ್‌ನಂಥ ಫ್ಯಾಂಟಮ್ಮೂ ಒಂದು ಕಾಲದಲ್ಲಿ ತಾನು ಯಾರೆಂದು ತಿಳಿಯದೆ ತಡವರಿಸಿದ್ದ ಎಂದು ಗೊತ್ತಾಗಿದ್ದರೆ ಹುಡುಗರಾಗಿದ್ದ ನಮಗೆ ಎಷ್ಟು ಸಮಾಧಾನವಾಗುತ್ತಿತ್ತೋ!

ಇನ್ನು ಉತ್ತರಪತ್ರಿಕೆಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು 'ಫೆಂಟಾಸ್ಟಿಕ್ ಫೋರ್' ಸಂಚಿಕೆ ಒಂದು. ಮುಖಪುಟದ ತಾರೀಖು ನವೆಂಬರ್ 1961. ಬರವಣಿಗೆ ಸ್ಟಾನ್ ಲೀ, ಚಿತ್ರ ಜ್ಯಾಕ್ ಕರ್ಬಿ. ಕಥೆ ಯಾರ ತಲೆಯಿಂದ ಎಷ್ಟು ಬಂತೆಂಬ ಬಗ್ಗೆ ಇಬ್ಬರೂ ಮುಂದೆ ಬೇರೆ ಬೇರೆ ಮಾತಾಡಿದರು. ಆ ವ್ಯಾಜ್ಯ ಇಬ್ಬರೂ ತೀರಿಕೊಂಡ ಮೇಲೂ ಮುಗಿದಿಲ್ಲ. ಮುಖಪುಟದಲ್ಲಿ ನಡುಬೀದಿ ಸೀಳಿಕೊಂಡು ರಾಕ್ಷಸ ಪ್ರಾಣಿಯೊಂದು ಮೇಲೇಳುತ್ತಿದೆ. ಒಳಗೆ ಆ ದೃಶ್ಯ ಆ ರೂಪದಲ್ಲಿ ಇಲ್ಲವೇ ಇಲ್ಲ. ಇದು ನಮ್ಮ ಜಾತ್ರೆಯ ಟೆಂಟಿನ ಹೊರಗಿನ ಬಣ್ಣದ ಪರದೆಗೂ ಒಳಗಿನ ಆಟಕ್ಕೂ ಇರುವ ಸಂಬಂಧ. ಅದಕ್ಕೆ ಅಂಕ ಕಳೆಯುವುದಿಲ್ಲ.

ಒಳಗೆ ಕಥೆ ಶುರುವಾಗುವುದು ಆಕಾಶದಲ್ಲಿ ಮೂಡಿದ ಅಕ್ಷರಗಳಿಂದ. ಆ ಕರೆಯನ್ನು ನೋಡಿ ಮೂವರು ಓಡಿಬರಬೇಕು. ಸೂ ಸ್ಟಾರ್ಮ್ ಗೆಳತಿಯ ಜೊತೆ ಚಹಾ ಕುಡಿಯುತ್ತ ಕೂತವಳು ಅದೃಶ್ಯಳಾಗಿ ಹೊರಬೀಳುತ್ತಾಳೆ. ಅವಳ ತಮ್ಮ ಜಾನಿ ಕಾರು ರಿಪೇರಿ ಮಾಡುತ್ತಿದ್ದವನು ಬೆಂಕಿಯಾಗಿ ಹಾರಿಹೋಗುತ್ತಾನೆ, ಕಾರು ಕರಗುತ್ತದೆ. ಬೆನ್ ಗ್ರಿಮ್ ಬಟ್ಟೆ ಅಂಗಡಿಯಲ್ಲಿದ್ದಾನೆ. ಅವನ ಅಳತೆಯ ಬಟ್ಟೆ ಅಲ್ಲಿಲ್ಲ. ಉದ್ದನೆಯ ಕೋಟು ಹ್ಯಾಟುಗಳಲ್ಲಿ ಮೈ ಮುಚ್ಚಿಕೊಂಡು ಬಂದವನು ಅವುಗಳನ್ನು ಕಿತ್ತೆಸೆದು ಬೀದಿಗಿಳಿದಾಗ ಜನ ಚೀರುತ್ತಾರೆ, ಪೊಲೀಸರು ಗುಂಡು ಹಾರಿಸುತ್ತಾರೆ. ಲೋಕರಕ್ಷಣೆಗೆ ಹೊರಟ ನಾಯಕರು ದಾರಿಯುದ್ದಕ್ಕೂ ಲೋಕಕ್ಕೆ ಉಪದ್ರವ ಕೊಡುತ್ತಲೇ ಹೋಗುತ್ತಾರೆ! ಇವರಿಗೆ ಮುಖವಾಡವಿಲ್ಲ, ಸಮವಸ್ತ್ರವೂ ಇಲ್ಲ. ಸಮವಸ್ತ್ರ ಬಂದದ್ದು ಮೂರನೇ ಸಂಚಿಕೆಯಲ್ಲಿ.

ಆಮೇಲೆ ಹಿಂದಿನ ಕಥೆ. ನಾಲ್ವರೂ ಕಮ್ಯುನಿಸ್ಟರಿಗಿಂತ ಮೊದಲು ಹೋಗಬೇಕೆಂದು ರಾಕೆಟ್ ಹತ್ತುತ್ತಾರೆ. ಸಂಚಿಕೆ ಅಂಗಡಿಗೆ ಬರುವ ನಾಲ್ಕು ತಿಂಗಳ ಮೊದಲೇ, 1961ರ ಏಪ್ರಿಲ್ 12ರಂದು, ಗಗಾರಿನ್ ಭೂಮಿಯನ್ನು ಸುತ್ತಿ ಬಂದಾಗಿತ್ತು. ಬಸ್ಸು ಹೋದ ಮೇಲೆ ಓಡುವವರ ಅವಸರ ಈ ಪುಟಗಳಲ್ಲಿದೆ. ವಿಮಾನ ನಡೆಸುವ ಬೆನ್ ಒಬ್ಬನೇ ವಿವೇಕದ ಮಾತಾಡುವವನು: ಬಾಹ್ಯಾಕಾಶದ ಕಿರಣಗಳ ಬಗ್ಗೆ ನಮಗೆ ಸಾಕಷ್ಟು ಗೊತ್ತಿಲ್ಲ, ಸಾಯುತ್ತೇವೆ ಎನ್ನುತ್ತಾನೆ. ಸೂ ಅವನನ್ನು ಹೇಡಿ ಎನ್ನುತ್ತಾಳೆ. ಅವನು ಪ್ರೀತಿಸುವ ಹೆಣ್ಣು ಅವಳು. ಅವಳು ಪ್ರೀತಿಸುವುದು ರೀಡ್ ರಿಚರ್ಡ್ಸ್‌ನನ್ನು. ಆ ಒಂದು ಮಾತಿಗೆ ಬೆನ್ ರಾಕೆಟ್ ಹತ್ತುತ್ತಾನೆ. ಉಳಿದ ಮೂವರಿಗೆ ಬೇಕೆಂದಾಗ ಬರುವ, ಬೇಡವೆಂದಾಗ ಹೋಗುವ ಶಕ್ತಿ ಸಿಗುತ್ತದೆ. ಬೇಡ ಎಂದವನೊಬ್ಬ ಮಾತ್ರ ಕಲ್ಲುಮಣ್ಣಿನ ಗುಡ್ಡೆಯಾಗಿ ಹಾಗೆಯೇ ಉಳಿಯುತ್ತಾನೆ. ಮರ ಕಿತ್ತು ರೀಡ್‌ನ ಮೇಲೆ ಬೀಸುತ್ತಾನೆ. ಹೆಸರಿಡುವಾಗ ಉಳಿದವರು ಬಿರುದಿನಂಥ ಹೆಸರುಗಳನ್ನು ಆರಿಸಿಕೊಂಡರೆ ಇವನು ತನ್ನನ್ನು 'ಥಿಂಗ್' ಎಂದು, ಬರಿಯ ವಸ್ತು ಎಂದು, ಕರೆದುಕೊಳ್ಳುತ್ತಾನೆ.

ಇಷ್ಟರವರೆಗೆ ನನ್ನ ಕೆಂಪು ಪೆನ್ನು ಸುಮ್ಮನಿತ್ತು. ಅನಂತರ ಬರುವ ಮೋಲ್ ಮ್ಯಾನ್ ಪ್ರಕರಣ ಸಪ್ಪೆ. ಭೂಮಿಯೊಳಗೆ ವಾಸಿಸುವ ಕುರೂಪಿಯೊಬ್ಬ ತನ್ನನ್ನು ಹೀಯಾಳಿಸಿದ ಲೋಕದ ಮೇಲೆ ಪ್ರಾಣಿಗಳನ್ನು ಛೂ ಬಿಡುತ್ತಾನೆ. ಕುರೂಪದ ಕಾರಣಕ್ಕೆ ಹೊರಗಾದ ಈ ಮನುಷ್ಯ ಮತ್ತು ಬೆನ್ ಮುಖಾಮುಖಿ ಕೂತು ಮಾತಾಡಬೇಕಿತ್ತು. ಅಂಥದೊಂದು ಸಾಧ್ಯತೆ ಕಾಲಿನ ಬಳಿ ಬಿದ್ದಿದ್ದರೂ ಲೇಖಕರು ದಾಟಿಕೊಂಡು ಹೋಗಿದ್ದಾರೆ. ಎಪ್ಪತ್ತು ಅಂಕ ಹಾಕಿ, ಪಕ್ಕದಲ್ಲಿ ಅಭ್ಯಾಸಬಲದಿಂದ ಒಂದು ಪ್ರಶ್ನೆ ಬರೆದೆ: ಬೆನ್‌ನ ಕಣ್ಣೆದುರು ರೀಡ್ ಇನ್ನು ಹೇಗೆ ತಲೆಯೆತ್ತಿ ಓಡಾಡುತ್ತಾನೆ?

ಎರಡನೆಯದು 'ಹಲ್ಕ್', ಮೇ 1962. ಡಾಕ್ಟರ್ ಬ್ರೂಸ್ ಬ್ಯಾನರ್ ಗಾಮಾ ಬಾಂಬು ತಯಾರಿಸಿದ ವಿಜ್ಞಾನಿ. ಪರೀಕ್ಷೆಯ ಹೊತ್ತಿಗೆ ರಿಕ್ ಜೋನ್ಸ್ ಎಂಬ ಹುಡುಗ, ಗೆಳೆಯರು ಕಟ್ಟಿದ ಪಂಥಕ್ಕಾಗಿ, ಆ ಬಯಲಿಗೆ ಕಾರು ತಂದು ನಿಲ್ಲಿಸಿ ಹಾರ್ಮೋನಿಕಾ ಊದುತ್ತಿದ್ದಾನೆ. ಪರೀಕ್ಷೆ ನಿಲ್ಲಿಸುವಂತೆ ಸಹಾಯಕನಿಗೆ ಹೇಳಿ ಬ್ಯಾನರ್ ಓಡುತ್ತಾನೆ. ಸಹಾಯಕ ಬೇಹುಗಾರ, ನಿಲ್ಲಿಸುವುದಿಲ್ಲ. ಹುಡುಗನನ್ನು ಹಳ್ಳಕ್ಕೆ ತಳ್ಳಿದ ಬ್ಯಾನರ್ ಸ್ಫೋಟದ ಕಿರಣಗಳಿಗೆ ಸಿಕ್ಕಿಬೀಳುತ್ತಾನೆ. ಈ ಸಂಚಿಕೆಯಲ್ಲಿ ಅವನು ದೈತ್ಯನಾಗುವುದು ಸಿಟ್ಟು ಬಂದಾಗಲ್ಲ, ಕತ್ತಲಾದಾಗ. ಇದು ನನಗೆ ಹೊಸ ಸಂಗತಿಯಾಗಿತ್ತು. ಸಂಜೆ ಎಂಬುದೇ ಇಲ್ಲಿ ಹೆದರಿಕೆ. ಸೂರ್ಯ ಇಳಿಯುವುದನ್ನು ಬ್ಯಾನರ್ ಮತ್ತು ಆ ಹುಡುಗ ಇಬ್ಬರೂ ಕಾಯುವ ಚೌಕಟ್ಟುಗಳಲ್ಲಿ ಜ್ವರದ ಮಗುವಿನ ಪಕ್ಕ ರಾತ್ರಿ ಕಳೆದವರಿಗೆಲ್ಲ ಪರಿಚಯವಿರುವ ಒಂದು ಕಳವಳವಿದೆ.

ಖಳನಾಗಿ ಬರುವ ಸೋವಿಯತ್ ವಿಜ್ಞಾನಿ ಗಾರ್ಗಾಯ್ಲ್ ಕೂಡ ವಿಕಿರಣದಿಂದ ವಿಕಾರಗೊಂಡವನು. ತನ್ನ ಸೆರೆಯಾಳಾದ ದೈತ್ಯ ಬೆಳಗಾಗುತ್ತಲೇ ಸಾಮಾನ್ಯ ಮನುಷ್ಯನಾಗುವುದನ್ನು ಕಂಡು ಅವನು ಅಳುತ್ತಾನೆ. ಬ್ಯಾನರ್ ಅವನನ್ನು ಹೊಡೆದು ಗೆಲ್ಲುವುದಿಲ್ಲ, ವಾಸಿ ಮಾಡುತ್ತಾನೆ. ಫೆಂಟಾಸ್ಟಿಕ್ ಫೋರ್‌ನಲ್ಲಿ ತಪ್ಪಿಹೋದ ಮಾತುಕತೆ ಇಲ್ಲಿ ನಡೆದಿದೆ ಎನಿಸಿ ನನಗೆ ಸಂತೋಷವಾಯಿತು.

ಸಂತೋಷ ಎಷ್ಟೇ ಇದ್ದರೂ ಮೇಷ್ಟ್ರ ಕಣ್ಣು ತಪ್ಪು ಹುಡುಕುವುದನ್ನು ಬಿಡುವುದಿಲ್ಲ. ಈ ಸಂಚಿಕೆಯ ಹಲ್ಕ್ ಇಂದಿನ ಹಸಿರು ದೈತ್ಯನಲ್ಲ, ಬೂದು ಬಣ್ಣದವನು. ಅಂದಿನ ಮುದ್ರಣಕ್ಕೆ ಬೂದು ಬಣ್ಣ ಹಿಡಿತಕ್ಕೆ ಸಿಗಲಿಲ್ಲ. ಒಂದು ಪುಟದಲ್ಲಿ ತಿಳಿ ಬೂದಿ, ಇನ್ನೊಂದರಲ್ಲಿ ಇದ್ದಲು, ಮತ್ತೊಂದರಲ್ಲಿ ಇತ್ತಲ್ಲ ಅತ್ತಲ್ಲದ ಒಂದು ಕೊಳಕು ಬಣ್ಣ. ಎರಡನೇ ಸಂಚಿಕೆಯಲ್ಲಿ ಏನೊಂದೂ ವಿವರಣೆಯಿಲ್ಲದೆ ಅವನನ್ನು ಹಸಿರು ಮಾಡಿಬಿಟ್ಟರು. ಕೆಂಪು ಪೆನ್ನು ತೆಗೆದು ನನ್ನ ಟಿಪ್ಪಣಿಯ ಹಾಳೆಯಲ್ಲಿ ಬರೆದೆ: ನಾಯಕನ ಬಣ್ಣ ಪುಟಪುಟಕ್ಕೂ ಬದಲಾಗಿದೆ.

ಬರೆದವನು ಅಲ್ಲೇ ಪೆನ್ನು ಕೆಳಗಿಟ್ಟೆ. ಈ ವಾಕ್ಯವನ್ನು ನಾನು ಹಿಂದೊಮ್ಮೆ ಬರೆದಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಶಾಲೆಯಲ್ಲಿ ಪ್ರತಿವರ್ಷ ಹುಡುಗರ ಕೈಬರಹದ ಪತ್ರಿಕೆಯೊಂದನ್ನು ತರುತ್ತಿದ್ದೆವು. ನಾನು ಅದರ ಸಂಪಾದಕ. ಒಂಬತ್ತನೇ ತರಗತಿಯ ಹುಡುಗನೊಬ್ಬ ಡ್ರಾಯಿಂಗ್ ಹಾಳೆಗಳನ್ನು ಮಡಚಿ, ದಾರದಿಂದ ಹೊಲಿದು, ಎಂಟು ಪುಟದ ಚಿತ್ರಕಥೆಯೊಂದನ್ನು ತಂದುಕೊಟ್ಟ. ಮೇಲೆ 'ಸಂಚಿಕೆ 1' ಎಂದು ಬರೆದಿದ್ದ. ಕಥೆ ಹೀಗೆ: ಒಬ್ಬ ಲೈನ್‌ಮನ್‌ಗೆ ಮಳೆಗಾಲದ ರಾತ್ರಿ ಕಂಬದ ಮೇಲೆ ಶಾಕ್ ಹೊಡೆಯುತ್ತದೆ. ಅವನು ಸಾಯುವುದಿಲ್ಲ. ಅಂದಿನಿಂದ ಯಾವ ತಂತಿ ಮುಟ್ಟಿದರೂ ಆ ತಂತಿ ಹೋಗುವ ಮನೆಗಳ ಮಾತು ಅವನಿಗೆ ಕೇಳಿಸುತ್ತದೆ. ಕಳ್ಳರನ್ನು ಹಿಡಿಸಿಕೊಡುತ್ತಾನೆ, ಒಂದು ಮನೆಯಲ್ಲಿ ಮುದುಕಿಯನ್ನು ಹೊಡೆಯುವುದನ್ನು ಕೇಳಿ ಆ ಮನೆಯ ಕರೆಂಟು ತೆಗೆಯುತ್ತಾನೆ. ಕೊನೆಯ ಚಿತ್ರದಲ್ಲಿ ಅವನು ತನ್ನ ಸ್ವಂತ ಮನೆಗೆ ಹೋಗುವ ತಂತಿಯತ್ತ ಕೈ ಚಾಚುತ್ತಿದ್ದಾನೆ. ಕೆಳಗೆ 'ಮುಂದುವರಿಯುವುದು' ಎಂದಿತ್ತು.

ನಾನು ಕೆಂಪು ಶಾಯಿಯಲ್ಲಿ ಬರೆದುಕೊಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಪರದೇಶದ ಪುಸ್ತಕಗಳ ಅನುಕರಣೆ. ನಾಯಕನ ಅಂಗಿಯ ಬಣ್ಣ ಪುಟಪುಟಕ್ಕೂ ಬದಲಾಗಿದೆ. ಕೈಗಳ ಅಳತೆ ತಪ್ಪು. ಕಥೆ ಅಪೂರ್ಣ. ಈ ಶ್ರಮವನ್ನು ಪಾಠದಲ್ಲಿ ತೋರಿಸತಕ್ಕದ್ದು. ಹುಡುಗ ಓದಿಕೊಂಡು, "ಆಯ್ತು ಸಾರ್" ಎಂದು ಪುಸ್ತಕ ಹಿಂದಕ್ಕೆ ತೆಗೆದುಕೊಂಡು ಹೋದ. ಎರಡನೇ ಸಂಚಿಕೆ ಬರಲಿಲ್ಲ. ನಾನೂ ಕೇಳಲಿಲ್ಲ.

ಹಲ್ಕ್‌ಗೆ ಐವತ್ತೈದು ಅಂಕ ಹಾಕಿ, ಸ್ವಲ್ಪ ಹೊತ್ತು ಮಳೆ ನೋಡಿ, ಮುಂದಿನ ಪುಸ್ತಕ ತೆಗೆದೆ. ಆ ಪತ್ರಿಕೆಯ ಅವಸ್ಥೆಯನ್ನೂ ಹೇಳಿಬಿಡಬೇಕು. ದೈತ್ಯನನ್ನು ರಾತ್ರಿ ಬರಿಸಬೇಕೋ, ಹುಡುಗನ ಅಂಕೆಯಲ್ಲಿಡಬೇಕೋ, ಯಂತ್ರದಿಂದ ಬದಲಾಯಿಸಬೇಕೋ ಎಂದು ಸಂಚಿಕೆಗೊಂದು ನಿಯಮ ಮಾಡುತ್ತ ಹೋದ ಲೇಖಕರು ಆರನೇ ಸಂಚಿಕೆಗೆ, 1963ರ ಮಾರ್ಚಿನಲ್ಲಿ, ಅಂಗಡಿ ಮುಚ್ಚಿದರು. ಕೆಂಪು ಶಾಯಿ ಹಾಕುವವರು ಅಲ್ಲೂ ಇದ್ದರು ಎಂದಾಯಿತು. ಆದರೆ ಅವರು ಆರು ಸಂಚಿಕೆ ಕಾದಿದ್ದರು.

'ಅಮೇಜಿಂಗ್ ಫ್ಯಾಂಟಸಿ'ಯ 15ನೇ ಸಂಚಿಕೆ, ಆಗಸ್ಟ್ 1962, ಹುಟ್ಟು ಮತ್ತು ಸಾವು ಒಂದೇ ದಿನ ಆದ ಮನೆಯಂಥದು. ಪತ್ರಿಕೆಯನ್ನು ಆ ಸಂಚಿಕೆಯೊಂದಿಗೆ ನಿಲ್ಲಿಸಲಾಯಿತು. ಸ್ಪೈಡರ್ ಮ್ಯಾನ್ ಮೊದಲು ಕಾಣಿಸಿಕೊಂಡದ್ದು ಅದರಲ್ಲೇ, ಹನ್ನೊಂದು ಪುಟಗಳ ಒಂದು ಕಥೆಯಲ್ಲಿ. ಪ್ರಕಾಶಕರಿಗೆ ಈ ಯೋಚನೆಯೇ ಹಿಡಿಸಿರಲಿಲ್ಲ, ಜೇಡವನ್ನು ಕಂಡರೆ ಜನ ಅಸಹ್ಯಪಡುತ್ತಾರೆ, ಹೈಸ್ಕೂಲು ಹುಡುಗ ನಾಯಕನ ಸಹಾಯಕನಾಗಬಹುದೇ ಹೊರತು ನಾಯಕನಾಗಲಾರ ಎಂದಿದ್ದರು ಎಂದು ಸ್ಟಾನ್ ಲೀ ಹೇಳುತ್ತಿದ್ದರು. ಮುಚ್ಚುವ ಪತ್ರಿಕೆಯಾದ್ದರಿಂದ ಯಾರೂ ತಡೆಯಲಿಲ್ಲವಂತೆ. ಚಿತ್ರ ಬರೆದವರು ಸ್ಟೀವ್ ಡಿಟ್ಕೊ. ಕರ್ಬಿಯ ಜನ ಗರಡಿಯಿಂದ ಬಂದವರಂತಿದ್ದರೆ ಡಿಟ್ಕೊನ ಜನ ಬಾಡಿಗೆ ಮನೆಯಿಂದ ಬಂದವರಂತಿದ್ದಾರೆ: ಕುಗ್ಗಿದ ಹೆಗಲು, ದಪ್ಪ ಕನ್ನಡಕ, ಸೊರಗಿದ ಬೆರಳು.

ಈ ಕಥೆಯನ್ನು ಎಲ್ಲರೂ ಬಲ್ಲರು ಎಂದುಕೊಂಡಿದ್ದೆ. ನಾವು ಬಲ್ಲದ್ದು ಸಿನಿಮಾದ ಕಥೆ. ಮೂಲದಲ್ಲಿ ಪೀಟರ್ ಪಾರ್ಕರ್ ಶಕ್ತಿ ಬಂದೊಡನೆ ಮಾಡುವುದು ಕುಸ್ತಿ ಕಣಕ್ಕಿಳಿದು ನೂರು ಡಾಲರ್ ಗೆಲ್ಲುವುದು, ಟೀವಿಯಲ್ಲಿ ಮೆರೆಯುವುದು. ಸ್ಟುಡಿಯೋದ ಹಜಾರದಲ್ಲಿ ಪೊಲೀಸಿನವನು ಒಬ್ಬ ಕಳ್ಳನನ್ನು ಅಟ್ಟಿಕೊಂಡು ಬರುತ್ತಾನೆ. ಪೀಟರ್ ಕಾಲು ಅಡ್ಡ ಕೊಟ್ಟಿದ್ದರೆ ಸಾಕಿತ್ತು. ಅದು ನನ್ನ ಕೆಲಸವಲ್ಲ ಎಂಬಂತೆ ನಿಲ್ಲುತ್ತಾನೆ, ಕಳ್ಳ ಲಿಫ್ಟಿನಲ್ಲಿ ಪಾರಾಗುತ್ತಾನೆ. ಅನಂತರ ದಿನಗಳು ಕಳೆಯುತ್ತವೆ. ಸಿನಿಮಾದವರು ಇದನ್ನು ಒಂದೇ ರಾತ್ರಿಗೆ ತಂದು ಹಾಳು ಮಾಡಿದ್ದಾರೆ ಎಂದು ನನ್ನ ಅಭಿಪ್ರಾಯ. ಮೂಲದಲ್ಲಿ ಅವನು ಆ ಕಳ್ಳನನ್ನು ಮರೆತೇಬಿಟ್ಟಿದ್ದಾನೆ. ಒಂದು ರಾತ್ರಿ ಮನೆಗೆ ಬಂದರೆ ಬಾಗಿಲಲ್ಲಿ ಪೊಲೀಸ್ ಕಾರು; ಸಾಕಿ ಬೆಳೆಸಿದ ದೊಡ್ಡಪ್ಪ ಬೆನ್‌ನನ್ನು ಕಳ್ಳನೊಬ್ಬ ಕೊಂದಿದ್ದಾನೆ. ಅವನನ್ನು ಹಳೆಯ ಗೋದಾಮಿನಲ್ಲಿ ಹಿಡಿದು ಮುಖ ನೋಡಿದಾಗ, ಅದೇ ಮುಖ.

ಪರೀಕ್ಷಕನಾಗಿ ಹೇಳುವುದಾದರೆ ಇದು ಕಾಕತಾಳೀಯ. ಅಷ್ಟು ದೊಡ್ಡ ನ್ಯೂಯಾರ್ಕಿನಲ್ಲಿ ಆ ಕಳ್ಳ ಇದೇ ಮನೆಗೆ ಬರಬೇಕೆ? ಶಕ್ತಿ ಮತ್ತು ಹೊಣೆಯ ಬಗೆಗಿನ ಆ ಪ್ರಸಿದ್ಧ ಮಾತನ್ನು ದೊಡ್ಡಪ್ಪ ಉಪದೇಶಿಸುವುದು ಕೂಡ ಈ ಕಥೆಯಲ್ಲಿಲ್ಲ. ಅದು ಕೊನೆಯ ಚೌಕಟ್ಟಿನಲ್ಲಿ, ಹುಡುಗ ಕತ್ತಲಲ್ಲಿ ನಡೆದುಹೋಗುತ್ತಿರುವಾಗ, ನಿರೂಪಕನ ಸಾಲಾಗಿ ಮೇಲೆ ಬರುತ್ತದೆ. ಯಾರೂ ಅವನಿಗೆ ಮೊದಲೇ ಬುದ್ಧಿ ಹೇಳಿರಲಿಲ್ಲ, ಹೇಳಿದ್ದರೂ ಕೇಳುವ ಹುಡುಗ ಅವನಲ್ಲ. ಬುದ್ಧಿ ತಡವಾಗಿ ಬಂತು. ಕಾಕತಾಳೀಯಕ್ಕೆ ಐದು ಅಂಕ ಕಳೆದು ಎಂಬತ್ತೈದು ಹಾಕಿದೆ.

1963ರ ಮಾರ್ಚಿನಲ್ಲಿ ಸ್ವಂತ ಪತ್ರಿಕೆಯೊಂದಿಗೆ ಮರಳಿದಾಗಲೂ ಹುಡುಗನ ಪಾಡು ಬದಲಾಗಿಲ್ಲ. ದುಡಿದ ಹಣದ ಚೆಕ್ಕು ಸ್ಪೈಡರ್ ಮ್ಯಾನ್ ಹೆಸರಿಗಿದೆ. ಗುರುತಿನ ದಾಖಲೆ ಕೊಡಿ ಎನ್ನುತ್ತಾನೆ ಬ್ಯಾಂಕಿನ ಗುಮಾಸ್ತ. ದೊಡ್ಡಮ್ಮ ಒಡವೆ ಅಡವಿಡುವುದನ್ನು ಅವನು ನೋಡುತ್ತಾನೆ. ಆಕಾಶದಿಂದ ಬೀಳುತ್ತಿದ್ದವನನ್ನು ಬದುಕಿಸಿದರೆ ಆತನ ಅಪ್ಪನೇ ಪತ್ರಿಕೆಯಲ್ಲಿ ಇವನನ್ನು ಬೈದು ಬರೆಯುತ್ತಾನೆ. ಇಷ್ಟು ಜಾಣತನದ ನಡುವೆ, ಅದೇ ಸಂಚಿಕೆಯ ಎರಡನೇ ಕಥೆಯಲ್ಲಿ ಲೇಖಕರು ನಾಯಕನ ಹೆಸರನ್ನೇ ತಪ್ಪಿ 'ಪೀಟರ್ ಪಾಮರ್' ಎಂದು ಬರೆದಿದ್ದಾರೆ! ನನ್ನ ವಿದ್ಯಾರ್ಥಿ ಹಾಗೆ ಬರೆದಿದ್ದರೆ ಅವನ ಗತಿ ಏನಾಗುತ್ತಿತ್ತೆಂದು ಯೋಚಿಸಿ ನನಗೆ ನಗು ಬಂತು, ಅದು ಬಹಳ ಹೊತ್ತು ಉಳಿಯಲಿಲ್ಲ.

ತಪ್ಪುಗಳೆಲ್ಲ ಕ್ಷಮಾರ್ಹ, ಆರಂಭವೆಲ್ಲ ಪವಿತ್ರ ಎಂದು ಹೇಳಹೊರಟಿದ್ದೇನೆಂದು ಓದುಗರು ತಿಳಿಯಬಾರದು. 1963ರ ಸೆಪ್ಟೆಂಬರಿನ 'ಎಕ್ಸ್-ಮೆನ್' ಮೊದಲ ಸಂಚಿಕೆ ಅದಕ್ಕೆ ಸಾಕ್ಷಿ. ಹುಟ್ಟಿನಿಂದಲೇ ವಿಚಿತ್ರ ಶಕ್ತಿಯುಳ್ಳ ಮಕ್ಕಳಿಗೆ ಪ್ರೊಫೆಸರ್ ಕ್ಸೇವಿಯರ್ ನಡೆಸುವ ಶಾಲೆಯ ಕಥೆ ಇದು. ಶಾಲೆ ಎಂದಾಗ ನಾನು ಆಸೆಯಿಂದ ಓದಿದೆ. ಮೊದಲ ಭಾಗ ಕವಾಯತು. ಒಬ್ಬೊಬ್ಬನೂ ತನ್ನ ಶಕ್ತಿಯನ್ನು ಸರದಿಯಲ್ಲಿ ತೋರಿಸುತ್ತಾನೆ. ಹೊಸ ಹುಡುಗಿ ಬಂದಾಗ ಹುಡುಗರೆಲ್ಲ ಕಿಟಕಿಗೆ ಮುಗಿಬೀಳುತ್ತಾರೆ. ಎರಡನೆಯ ಭಾಗ ಮ್ಯಾಗ್ನೀಟೋ ಜೊತೆ ಕಾದಾಟ. ಸೈನ್ಯದ ಕ್ಷಿಪಣಿ ನೆಲೆಯನ್ನು ಬಿಡಿಸಿಕೊಟ್ಟು ಅಧಿಕಾರಿಯಿಂದ ಕೃತಜ್ಞತೆ ಪಡೆದು ಮನೆಗೆ. ಬೇರೆಯವರಾಗಿ ಹುಟ್ಟಿದ್ದಕ್ಕೆ ಲೋಕ ದ್ವೇಷಿಸುತ್ತದೆ ಎಂಬ ಮುಂದಿನ ದೊಡ್ಡ ವಸ್ತು ಇಲ್ಲಿ ಮಾತಿನಲ್ಲಿ ಒಮ್ಮೆ ಹಾದುಹೋಗುತ್ತದಷ್ಟೇ. ಯಾರ ಮೈಗೂ ಅದು ತಾಗುವುದಿಲ್ಲ. ಅದು ಬಲವಾಗಿ ಬಂದದ್ದು 1965ರಲ್ಲಿ, ಅವರನ್ನು ಬೇಟೆಯಾಡುವ ಯಂತ್ರಮಾನವರ ಕಥೆಯೊಂದಿಗೆ, ಹದಿನಾಲ್ಕನೇ ಸಂಚಿಕೆಯಲ್ಲಿ. 1970ರಲ್ಲಿ ಹೊಸ ಕಥೆಗಳು ನಿಂತು ಐದು ವರ್ಷ ಹಳೆಯ ಕಥೆಗಳೇ ಮರುಮುದ್ರಣಗೊಂಡವು. 1975ರಲ್ಲಿ ಲೆನ್ ವೀನ್ ಮತ್ತು ಡೇವ್ ಕಾಕ್ರಮ್ ಬೇರೆ ಬೇರೆ ದೇಶಗಳ ಹೊಸ ಮುಖಗಳನ್ನು ತಂದಮೇಲೆ ಮತ್ತೆ ಉಸಿರು ಬಂತು.

ಷರತ್ತಿನ ಪ್ರಕಾರ ಮುಂದಿನ ಕೀರ್ತಿಯನ್ನು ಹಿಂದಕ್ಕೆ ತಂದು ಅಂಕ ಕೊಡುವಂತಿಲ್ಲ. ನಲವತ್ತು. ಗಮನಿಸಿ, ಇಲ್ಲಿ ಬಣ್ಣ ಕದಡಿಲ್ಲ, ಹೆಸರು ತಪ್ಪಿಲ್ಲ, ಕಥೆ ಅಪೂರ್ಣವಾಗಿಯೂ ಇಲ್ಲ. ನನ್ನ ಕೆಂಪು ಶಾಯಿಯ ನಿಯಮಗಳ ಪ್ರಕಾರ ಇದು ಮೊದಲ ದರ್ಜೆಯಲ್ಲಿ ಪಾಸಾಗಬೇಕಿತ್ತು. ಆದರೆ ಪಕ್ಕದಲ್ಲಿ ಬರೆಯಲು ಪ್ರಶ್ನೆಯೇ ಸಿಗಲಿಲ್ಲ. ಎಲ್ಲರೂ ಗೆದ್ದರು, ಯಾರಿಗೂ ಯಾರ ಋಣವೂ ಉಳಿಯಲಿಲ್ಲ. ಬೆನ್‌ಗೆ ರೀಡ್‌ನಿಂದ ಬರಬೇಕಾದ ಬಾಕಿಯಿದೆ. ರಿಕ್‌ಗೆ ಬ್ಯಾನರ್‌ಗೆ ತೀರಿಸಬೇಕಾದ ಸಾಲವಿದೆ. ಪೀಟರ್‌ನ ಸಾಲ ತೀರುವಂಥದೇ ಅಲ್ಲ. ಹೊಸ ಮಾಲೆಯ ಮೊದಲ ಸಂಚಿಕೆಯಲ್ಲಿ ನೋಡಬೇಕಾದದ್ದು ಈ ಬಾಕಿಯ ಪುಟವನ್ನು. ಶಕ್ತಿ ಏನು, ಶತ್ರು ಯಾರು, ಉಡುಪು ಯಾವುದು ಎಂಬುದನ್ನು ಮುಂದಿನ ತಿಂಗಳು ತಿದ್ದಬಹುದು. ಹಲ್ಕ್‌ನ ಬಣ್ಣವನ್ನೇ ತಿದ್ದಿದರು. ಬಾಕಿಯಿಲ್ಲದ ಕಡೆ ಬಾಕಿ ಹುಟ್ಟಿಸಲು ಎಕ್ಸ್-ಮೆನ್‌ಗೆ ವರ್ಷಗಳೇ ಬೇಕಾದವು.

ಎರಡನೇ ಪೆಟ್ಟಿಗೆಯ '2000 ಎ.ಡಿ.' ಬೇರೆ ಜಾತಿಯದು. 1977ರ ಫೆಬ್ರವರಿ 26ರ ತಾರೀಖು ಹೊತ್ತ ಮೊದಲ ಸಂಚಿಕೆಯ ಬೆಲೆ ಎಂಟು ಪೆನ್ಸ್, ಜೊತೆಗೆ ಗಾಳಿಯಲ್ಲಿ ತೂರುವ ಪ್ಲಾಸ್ಟಿಕ್ ಬಿಲ್ಲೆಯೊಂದು ಉಚಿತ. ಸಂಪಾದಕ ಅನ್ಯಗ್ರಹದವನೆಂದು ಹೇಳಿಕೊಂಡಿದ್ದರೂ ನಿಜದಲ್ಲಿ ಅದನ್ನು ಕಟ್ಟಿದವರು ಪ್ಯಾಟ್ ಮಿಲ್ಸ್. ಹಿಂದಿನ ವರ್ಷ ಅವರು ರೂಪಿಸಿದ್ದ 'ಆಕ್ಷನ್' ಎಂಬ ವಾರಪತ್ರಿಕೆ, ಹಿಂಸೆ ಅತಿಯಾಯಿತೆಂಬ ಗಲಾಟೆಯಿಂದ 1976ರ ಅಕ್ಟೋಬರಿನಲ್ಲಿ ಅಂಗಡಿಗಳಿಂದ ವಾಪಸಾಗಿತ್ತು. ಈಗಿನ ಕಾಲದ್ದೆಂದು ಹೇಳಿದರೆ ತಾನೆ ಗಲಾಟೆ, ಮುಂದಿನ ಕಾಲದ್ದೆಂದರೆ ಯಾರಿಗೇನು ಎಂಬ ಜಾಣ್ಮೆ ಈ ಪುಟಗಳಲ್ಲಿದೆ. ಹೆಸರಿನಲ್ಲಿ 2000 ಇಟ್ಟದ್ದು, ಅಲ್ಲಿಯವರೆಗೆ ಪತ್ರಿಕೆ ಬದುಕಿರಲಾರದು ಎಂಬ ಧೈರ್ಯದಿಂದಲಂತೆ. ಅದು ಆ ವರ್ಷವನ್ನು ದಾಟಿಯೇ ಬಂತು.

ಮೊದಲ ಸಂಚಿಕೆಯಲ್ಲಿ ಹಳೆಯ ಡ್ಯಾನ್ ಡೇರ್‌ಗೆ ಹೊಸ ವೇಷ ತೊಡಿಸಿದ್ದಾರೆ, ಅವನಿಗೆ ಒಗ್ಗಿಲ್ಲ. 'ಮಾಕ್ 1' ಅಮೆರಿಕದ ಟೀವಿಯ ಯಂತ್ರಮನುಷ್ಯನ ನಕಲು. ನನಗೆ ಹಿಡಿಸಿದ್ದು 'ಫ್ಲೆಶ್'. ಭವಿಷ್ಯದ ಮನುಷ್ಯರು ಮಾಂಸ ಸಾಲದೆ, ಕಾಲದಲ್ಲಿ ಹಿಂದಕ್ಕೆ ಹೋಗಿ, ಡೈನೋಸಾರ್‌ಗಳನ್ನು ದನಗಳಂತೆ ಕೂಡಿಹಾಕಿ ಕಡಿದು ಕಳಿಸುತ್ತಾರೆ. ಕೌಬಾಯ್‌ಗಳ ಸಾಹಸ ಎಂದು ಶುರುವಾದದ್ದು ಒಂದೆರಡು ಕಂತಿನಲ್ಲೇ ಮಗುಚಿ, ನಾನು ಒಕ್ಕಣ್ಣಿನ ಮುದಿ ಟಿರಾನೋಸಾರಸ್ ಒಂದರ ಪಕ್ಷ ವಹಿಸಿಬಿಟ್ಟಿದ್ದೆ. ಇಲ್ಲಿ ಬಾಕಿ ಇರುವುದು ಮನುಷ್ಯಕುಲದ ಲೆಕ್ಕದಲ್ಲಿ.

ಪತ್ರಿಕೆಗೆ ಹೆಸರು ತಂದ ಜಡ್ಜ್ ಡ್ರೆಡ್ ಮೊದಲ ಸಂಚಿಕೆಯಲ್ಲಿ ಇಲ್ಲವೇ ಇಲ್ಲ, ಎರಡನೆಯದರಲ್ಲಿ ಬರುತ್ತಾನೆ. ಅವನನ್ನು ಕಲ್ಪಿಸಿದವರು ಜಾನ್ ವ್ಯಾಗ್ನರ್ ಮತ್ತು ಕಾರ್ಲೋಸ್ ಎಸ್ಕೆರಾ. ಅಚ್ಚಾದ ಮೊದಲ ಕಂತಿನ ಚಿತ್ರಗಳು ಮಾತ್ರ ಮೈಕ್ ಮೆಕ್‌ಮಹೊನ್ ಎಂಬ ಹೊಸಬನವು. 2099ರ ನಗರದಲ್ಲಿ ಪೊಲೀಸು, ನ್ಯಾಯಾಧೀಶ ಎರಡೂ ಅವನೇ. ಒಬ್ಬ ನ್ಯಾಯಾಧೀಶನನ್ನು ಕೊಂದ ಪಾತಕಿಯನ್ನು ಹಿಡಿದು 'ಡೆವಿಲ್ಸ್ ಐಲೆಂಡ್' ಜೈಲಿಗೆ ಕಳಿಸುತ್ತಾನೆ. ಆ ದ್ವೀಪ ಸಮುದ್ರದಲ್ಲಿಲ್ಲ. ಎಂದೂ ನಿಲ್ಲದ ವಾಹನಗಳ ನಡುವಿನ ಟ್ರಾಫಿಕ್ ದ್ವೀಪ. ಬೆಂಗಳೂರಿನಲ್ಲಿ ರಸ್ತೆ ದಾಟಲು ನಿಂತ ಅನುಭವವಿರುವ ನನಗೆ ಈ ಶಿಕ್ಷೆ ಉತ್ಪ್ರೇಕ್ಷೆ ಎನಿಸಲಿಲ್ಲ. ಡ್ರೆಡ್‌ಗೆ ಸಂಸಾರವಿಲ್ಲ, ಸಂಕಟವಿಲ್ಲ, ಶಿರಸ್ತ್ರಾಣದ ಕೆಳಗಿನ ಮುಖವೂ ಕಾಣಿಸುವುದಿಲ್ಲ. ಅವನಿಗೆ ಅನುಮಾನವೆಂಬುದೇ ಇಲ್ಲ. ಹೆದರಿಕೆ ಹುಟ್ಟುವುದು ಓದುವವನಲ್ಲಿ: ಇವನ ತೀರ್ಪಿಗೆ ನಾನು ಖುಷಿಪಟ್ಟೆನಲ್ಲ, ಯಾಕೆ? ಅರವತ್ತೈದು ಅಂಕ, ಪ್ರಶ್ನೆ ನನಗೇ.

ವಿಚಾರಣೆಯಿಲ್ಲದೆ ನಿಂತಲ್ಲೇ ತೀರ್ಪು ಬರೆದುಕೊಡುವ ಆ ಮನುಷ್ಯನನ್ನು ಕಂಡಾಗ ಕೆಂಪು ಶಾಯಿಯ ನೆನಪು ಮತ್ತೆ ಬಂತು. ಆ ಹುಡುಗನ ಚಿತ್ರಕಥೆಯನ್ನು ಇವತ್ತು ಹೊಗಳಿಬಿಟ್ಟು ಹಗುರಾಗುವುದು ಸುಲಭ. ನಾನು ಹಾಗೆ ಮಾಡಲಾರೆ. ಅದರಲ್ಲಿ ಅನುಕರಣೆ ಇತ್ತು, ಕೈಗಳ ಅಳತೆ ನಿಜಕ್ಕೂ ತಪ್ಪಿತ್ತು. ಬಣ್ಣ ಬದಲಾದದ್ದು ಬಹುಶಃ ನೀಲಿ ಕ್ರೆಯಾನ್ ಮುಗಿದು ಹೋಗಿ. ಹೊಸ ಡಬ್ಬಿ ಕೊಳ್ಳುವ ಮನೆ ಅದಾಗಿರಲಿಲ್ಲ. ನಾನು ಬರೆದ ಒಂದೊಂದು ಮಾತೂ ಸರಿಯೇ. ನೋಡಬೇಕಾದ ಪುಟವನ್ನು ಮಾತ್ರ ನೋಡಲಿಲ್ಲ. ಆ ಹುಡುಗನ ಅಪ್ಪ ಲೈನ್‌ಮನ್. ಅಂಕಪಟ್ಟಿಗೆ ಸಹಿ ಹಾಕಲು ಸೊಂಟದ ಬೆಲ್ಟು, ಕಟಿಂಗ್ ಪ್ಲೇಯರ್ ಸಮೇತ ಶಾಲೆಗೆ ಬಂದು, ಒಳಗೆ ಕಾಲಿಡಲು ಸಂಕೋಚಪಟ್ಟು ಬಾಗಿಲಲ್ಲೇ ನಿಲ್ಲುತ್ತಿದ್ದ ಮನುಷ್ಯ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ, ತನ್ನ ಮನೆಯ ತಂತಿಯತ್ತ ಕೈ ಚಾಚಿದ ಆ ಕೊನೆಯ ಚಿತ್ರದ ಕೆಳಗೆ 'ಕಥೆ ಅಪೂರ್ಣ' ಎಂದು ಬರೆದೆ.

ಮರುದಿನ ಫೋನಿನಲ್ಲಿ ಅಂಕಗಳನ್ನು ಓದಿ ಹೇಳಿದೆ. ಅಳಿಯಂದಿರಿಗೆ ಎಕ್ಸ್-ಮೆನ್‌ನ ನಲವತ್ತು ಸಹಿಸಲಾಗಲಿಲ್ಲ. "ಅನ್ಯಾಯ ಮಾವ, ಮರುಮೌಲ್ಯಮಾಪನಕ್ಕೆ ಹಾಕ್ತೀನಿ" ಎಂದರು. ಹಾಕಲಿ. ಪುಸ್ತಕಗಳು ಒಣಗಿವೆ, ನಾಲ್ಕು ಪುಟಗಳಲ್ಲಿ ಮಾತ್ರ ನೀರಿನ ಕಲೆ ಉಳಿದಿದೆ. ಪೆಟ್ಟಿಗೆಗೆ ತುಂಬುವ ಮುನ್ನ ನನ್ನ ಟಿಪ್ಪಣಿಯ ಹಾಳೆಯ ಕೊನೆಗೆ ಇನ್ನೊಂದು ಸಾಲು ಸೇರಿಸಿದೆ, ಈ ಸಲ ನೀಲಿ ಶಾಯಿಯಲ್ಲಿ. ಅಂಕದ ಜಾಗ ಖಾಲಿ ಬಿಟ್ಟೆ. ಪ್ರಶ್ನೆಯ ಜಾಗದಲ್ಲಿ ಬರೆದೆ: ಆ ಲೈನ್‌ಮನ್ ತನ್ನ ಮನೆಯ ತಂತಿ ಮುಟ್ಟಿದಾಗ ಒಳಗೆ ಏನು ಮಾತಾಡುತ್ತಿದ್ದರು?